ಉಳಿ ಹಿಡಿಯುವ ಹಕ್ಕು, ಪೊರಕೆ ಬಿಡುವ ಹಕ್ಕು

ಕೈಯಿಂದ ಮಾಡುವ ಕೆಲಸ ದೊಡ್ಡದು ಎಂಬ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಕೈಕೆಲಸ ಮಾಡಲೇಬೇಕಾದ ದರ್ದು ಇಲ್ಲದವರು. ಈಗ ಪೇಟೆಯ ಓದಿದ ಜನ ರಜಾ ದಿನ ಮರ ತಂದು, ಕುಯ್ದು, ಉಜ್ಜಿ, ಮನೆಗೊಂದು ಮೇಜು ಮಾಡಿಕೊಂಡರೆ ಮನಸ್ಸಿಗೆ ನೆಮ್ಮದಿ ಅನ್ನುತ್ತಾರೆ. ಇರಬಹುದು. ಅದು ಸುಳ್ಳು ಎಂದು ನಾವು ಹೇಳುವುದಿಲ್ಲ. ನಾವೂ ಈಚೆಗೆ ನಮ್ಮ ಮನೆಗೊಂದು ಸಣ್ಣ ಮೇಜನ್ನು ಕೈಯಾರೆ ಮಾಡಿದೆವು. ಹಲಗೆ ನುಣ್ಣಗಾಗುವಾಗ ಕೈಗೆ ಸಿಗುವ ಸುಖ ಏನು ಅನ್ನುವುದು ನಮಗೂ ತಿಳಿಯಿತು. ಆದರೆ ನಮ್ಮ ಪ್ರಶ್ನೆ ಬೇರೆ. ತಲೆತಲಾಂತರದಿಂದ ಬರೀ ಕೈಗಳಾಗಿಯೇ ಬದುಕಿದ ಜನಕ್ಕೆ ಕೈಕೆಲಸದ ಹೊಗಳಿಕೆ ಏನು ಕೊಡುತ್ತದೆ? ಯಾವ ಕೆಲಸ ಮರ್ಯಾದೆಯದ್ದು, ಯಾವಾಗ ಮರ್ಯಾದೆಯದ್ದು? ಕೆಲಸದಲ್ಲೇ ಮರ್ಯಾದೆ ಇದೆಯೋ, ಅದನ್ನು ಮಾಡುವವನ ಹುಟ್ಟಿನಲ್ಲಿ ಇದೆಯೋ?

ಹೊಳೆನರಸೀಪುರ ಸೀಮೆಯ ನಮ್ಮ ಕೇರಿಗಳಲ್ಲಿ ಮೇಜು ಇರಲಿಲ್ಲ. ಬಡತನ ಇತ್ತು, ಅದಕ್ಕೇ ಇರಲಿಲ್ಲ ಎಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. ಹಳೇ ಮೈಸೂರಿನ ಎಲ್ಲ ಹಳ್ಳಿಗಳ ಹಾಗೆ ಇಲ್ಲಿಯೂ ಆಯಗಾರಿಕೆ ಇತ್ತು. ಬಡಗಿ ರೈತನಿಗೆ ನೇಗಿಲು, ನೊಗ, ಕುಂಟೆ, ಗಾಡಿ ಮಾಡಿಕೊಡಬೇಕು. ಸುಗ್ಗಿಯಲ್ಲಿ ರೈತ ಕಣದಿಂದ ಅವನಿಗೆ ಆಯದ ಕಾಳು ಅಳೆಯಬೇಕು. ಕೊಟ್ಟು ತೆಗೆದುಕೊಳ್ಳುವ ಈ ಲೆಕ್ಕದಲ್ಲಿ ಹೊಲ ಇದ್ದವನಿಗೆ ನೇಗಿಲು, ನೇಗಿಲು ಇದ್ದವನಿಗೆ ಬಡಗಿ. ಹೊಲವೇ ಇಲ್ಲದ ಕೇರಿಗೆ ಯಾವ ಬಡಗಿ? ಆಚಾರಿ ಕೇರಿಗೆ ಬರಲಿಲ್ಲ ಅಂದರೆ ಅದು ಅವನೊಬ್ಬನ ಮಡಿ ಅಲ್ಲ. ಅವನ ಹೊಟ್ಟೆಯನ್ನು ಊರಿನ ಕಣಕ್ಕೆ ಕಟ್ಟಿ ಹಾಕಿದ್ದರು, ನಮ್ಮ ಹೊಟ್ಟೆಯನ್ನು ಅದೇ ಕಣದ ಮೂಲೆಗೆ ಕಟ್ಟಿ ಹಾಕಿದ್ದರು. ಅಷ್ಟೇ ವ್ಯತ್ಯಾಸ. ಆದರೆ ಆ ಅಷ್ಟೇ ವ್ಯತ್ಯಾಸ ಕಡಿಮೆಯದಲ್ಲ.

ಹಾಗಂತ ನಮ್ಮ ಕೈ ಮರ ಮುಟ್ಟದ ಕೈ ಅಲ್ಲ. ಮರ ಕಡಿದವರು ನಾವು. ದಿಮ್ಮಿ ಹೊತ್ತವರು ನಾವು. ಮದುವೆ ಮನೆಗೆ ಸೌದೆ ಸೀಳಿದವರು, ಸಾವಿನ ಮನೆಗೆ ಬಿದಿರು ತಂದು ಚಟ್ಟ ಕಟ್ಟಿದವರು, ಗುಣಿ ತೋಡಿದವರು ನಾವು. ಸತ್ತವರು ಮಲಗುವುದಕ್ಕೆ ಬೇಕಾದದ್ದನ್ನು ಮಾಡಿಕೊಡುವ ಕೈಗೆ, ಬದುಕಿದವರು ಕೂತು ಬರೆಯುವುದಕ್ಕೆ ಬೇಕಾದದ್ದನ್ನು ಮಾಡುವ ಅಪ್ಪಣೆ ಇರಲಿಲ್ಲ. ಮರ ಒಂದೇ. ಮರದ ಮೊದಲ ಏಟು ನಮ್ಮದು. ಕೊನೆಯ ನುಣುಪು ಬೇರೆಯವರದು. ಅದರ ಮೇಲೆ ಕೂರುವುದು ಇನ್ನೂ ಬೇರೆಯವರದು.

ಬಾಬಾಸಾಹೇಬರು ಸಾತಾರದ ಶಾಲೆಗೆ ಹೋಗುವಾಗ ಕೂರುವುದಕ್ಕೆ ಮನೆಯಿಂದ ಗೋಣಿತಾಟು ಒಯ್ಯಬೇಕಿತ್ತು. ಸಂಜೆ ಅದನ್ನು ಅವರೇ ಹಿಂದಕ್ಕೆ ತರಬೇಕಿತ್ತು, ಯಾಕೆಂದರೆ ಶಾಲೆ ಗುಡಿಸುವ ಆಳು ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಮುಂದೆ ಒಂದು ದೇಶದ ಸಂವಿಧಾನದ ಕರಡನ್ನು ತಯಾರು ಮಾಡಿದ ಮನುಷ್ಯನಿಗೆ ಈ ದೇಶ ಕೊಟ್ಟ ಮೊದಲ ಪೀಠೋಪಕರಣ ಆ ಗೋಣಿತಾಟು. ಅದೂ ಈ ದೇಶ ಕೊಟ್ಟದ್ದಲ್ಲ, ಅವರ ಮನೆಯವರು ಕೊಟ್ಟದ್ದು. ಓದುವ ಮಗುವಿನ ಕೆಳಗೆ ಏನಿದೆ, ಮುಂದೆ ಏನಿದೆ ಅನ್ನುವುದು ಬಡಗಿಯ ವಿಷಯ ಮಾತ್ರ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಕೈಕೆಲಸವನ್ನು ಹೊಗಳಿದವರ ಮಾತಿಗೆ ಬರೋಣ. ನಮ್ಮ ಕಾಲದಲ್ಲಿ ಇದನ್ನು ಎಲ್ಲರಿಗಿಂತ ಹೆಚ್ಚಾಗಿ ಹೇಳಿದವರು, ಹೇಳಿದ ಹಾಗೆ ಮಾಡಿದವರು ಗಾಂಧೀಜಿ. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರಂನಲ್ಲಿ ಅವರೂ ಅವರ ಗೆಳೆಯರೂ ಮರಗೆಲಸ ಕಲಿತು ತಮಗೆ ಬೇಕಾದ ಬೆಂಚು, ಪೆಟ್ಟಿಗೆಗಳನ್ನು ತಾವೇ ಮಾಡಿಕೊಂಡರು. ಚಪ್ಪಲಿ ಹೊಲಿಯುವುದನ್ನು ಕಲಿತರು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಗಾಂಧೀಜಿ ತಾವೇ ಹೊಲಿದ ಒಂದು ಜೊತೆ ಚಪ್ಪಲಿ ಕೊಟ್ಟು ಬಂದರು. ಆತ ಅದನ್ನು ಬಹಳ ವರ್ಷ ಇಟ್ಟುಕೊಂಡು 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಗೌರವದಿಂದ ಹಿಂದಿರುಗಿಸಿದ. ಒಳ್ಳೆಯ ಕಥೆ. ನಾವೂ ಗೌರವಿಸುತ್ತೇವೆ. ಆದರೆ ಅದೇ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಊರಿಗೆಲ್ಲ ಚಪ್ಪಲಿ ಹೊಲಿದ ಮಾದಿಗ, ಮೇಲುಜಾತಿಯವರ ಬೀದಿ ಬಂದಾಗ ತನ್ನ ಚಪ್ಪಲಿಯನ್ನು ಕಾಲಿಂದ ತೆಗೆದು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಚರ್ಮ ಒಂದೇ, ದಾರ ಒಂದೇ, ಹೊಲಿಗೆ ಒಂದೇ. ಒಂದು ಚಪ್ಪಲಿ ಪೂಜ್ಯ, ಇನ್ನೊಂದು ಮೈಲಿಗೆ. ಹಾಗಾದರೆ ಮರ್ಯಾದೆ ಕೆಲಸದಲ್ಲಿ ಇರಲಿಲ್ಲ. ಇದ್ದಿದ್ದರೆ ಅದು ಎರಡು ಕಡೆಯೂ ಇರಬೇಕಿತ್ತು.

ಮರ್ಯಾದೆ ಎಲ್ಲಿತ್ತು? ಗಾಂಧೀಜಿ ಆ ಕೆಲಸವನ್ನು ತಾವಾಗಿ ಹಿಡಿದರು, ಬೇಡವೆಂದಾಗ ಬಿಡಬಹುದಿತ್ತು. ಅಲ್ಲಿತ್ತು. ನಮ್ಮ ತಾತ ಹಿಡಿಯಲಿಲ್ಲ, ಅದು ಅವನನ್ನು ಹಿಡಿಯಿತು. ಬಿಡುತ್ತೇನೆ ಅಂದರೆ ಊರು ಬಿಡಲಿಲ್ಲ.

ಗಾಂಧೀಜಿಯವರೇ ಬಹಳ ವರ್ಷ ಒಬ್ಬೊಬ್ಬರೂ ಹೊಟ್ಟೆಪಾಡಿಗೆ ತಮ್ಮ ಹಿರಿಯರ ಕಸುಬನ್ನೇ ಮಾಡಲಿ, ಎಲ್ಲ ಕಸುಬೂ ಸಮ ಅನ್ನುತ್ತಿದ್ದರು. ಇದಕ್ಕೆ ಅಂಬೇಡ್ಕರ್ 1936ರಲ್ಲಿ ‘ಜಾತಿ ವಿನಾಶ’ದಲ್ಲಿ ಉತ್ತರ ಕೊಟ್ಟಿದ್ದಾರೆ. ಜಾತಿ ಕೆಲಸವನ್ನು ಹಂಚಿದ್ದಷ್ಟೇ ಅಲ್ಲ, ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ಹಂಚಿ ಗೋಡೆ ಕಟ್ಟಿತು ಎಂಬುದು ಅವರ ವಾದದ ತಿರುಳು. ಒಬ್ಬನ ಒಲವು ಏನು, ಶಕ್ತಿ ಏನು ಎಂದು ಕೇಳದೆ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವನ ಕೈಗೆ ಇಂಥದೇ ಹತಾರ ಎಂದು ಗೊತ್ತು ಮಾಡುವುದು ಯಾವ ನ್ಯಾಯ? ಕಸುಬುಗಳು ಸಮ ಎಂದು ಬಾಯಲ್ಲಿ ಹೇಳಿ, ಕಸುಬು ಬದಲಾಯಿಸುವ ಬಾಗಿಲನ್ನು ಮುಚ್ಚಿದರೆ ಆ ಸಮಾನತೆಯನ್ನು ಕಟ್ಟಿಕೊಂಡು ನಾವು ಏನು ಮಾಡುವುದು?

ಇಲ್ಲಿ ನಮ್ಮವರೇ ಆದ ಶರಣರನ್ನೂ ಕೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಕಾಯಕವನ್ನು ಕೈಲಾಸದ ಎತ್ತರಕ್ಕೆ ತಂದವರು ಅವರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಕಸುಬನ್ನೇ ಹೆಸರಿನ ಮುಂದೆ ಇಟ್ಟು ತಲೆ ಎತ್ತಿ ನಿಂತರು. ಕಸುಬಿನಿಂದ ನಾಚಿಕೆಯನ್ನು ಕಿತ್ತು ಹಾಕಿದ್ದು ಸಣ್ಣ ಕೆಲಸವಲ್ಲ. ಆದರೆ ಒಂದು ಮಾತು ಗಮನಿಸಿ. ಚರ್ಮದ ಕೆಲಸವನ್ನು ಹೊಗಳಿದ್ದಕ್ಕೆ ಬಿಜ್ಜಳನ ಸಿಂಹಾಸನ ಅಲ್ಲಾಡಲಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆದಾಗ ಕಲ್ಯಾಣ ಹತ್ತಿ ಉರಿಯಿತು, ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಪರಂಪರೆ ಹೇಳುತ್ತದೆ. ಕೈ ಚರ್ಮ ಮುಟ್ಟುವವರೆಗೆ ಯಜಮಾನರಿಗೆ ತೊಂದರೆ ಇರಲಿಲ್ಲ. ಕೈ ಕೈಯನ್ನು ಮುಟ್ಟಿದಾಗ ತೊಂದರೆ ಶುರುವಾಯಿತು. ಕಸುಬಿನ ಹೊಗಳಿಕೆ ವ್ಯವಸ್ಥೆಗೆ ಜೀರ್ಣವಾಗುತ್ತದೆ, ಗೋಡೆ ದಾಟಿದರೆ ಆಗುವುದಿಲ್ಲ.

ನಮ್ಮ ಹಾಸನ ಜಿಲ್ಲೆಯನ್ನೇ ನೋಡಿ. ಕೈಚಳಕದ ಹೊಗಳಿಕೆಗೆ ಇಲ್ಲಿ ಬರ ಇಲ್ಲ. 1117ರ ಬೇಲೂರು ದೇವಾಲಯವೂ ಹಳೇಬೀಡೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ದಾಸೋಜ, ಚಾವಣ, ಮಲ್ಲಿತಮ್ಮ ಎಂದು ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಒಳ್ಳೆಯದೇ. ಕಲ್ಲು ಎಳೆದು ತಂದವರ ಹೆಸರು ಅಲ್ಲಿ ಇಲ್ಲ. ಒಂಬೈನೂರು ವರ್ಷ ಹಿಂದೆ ಸತ್ತ ಕೈಯನ್ನು ಹೊಗಳುವುದು ಸುಲಭ, ಅದು ಪಕ್ಕದಲ್ಲಿ ಬಂದು ಕೂರುವುದಿಲ್ಲ. ಇದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಒಳಗೆ ಹೋದರು ಎಂದು ದಂಡ ಹಾಕಿದ್ದು ನಾಡಿಗೆಲ್ಲ ಸುದ್ದಿಯಾಯಿತು. ಕಾಯಕದ ಮಾತು ಹೇಳಿದ ಬಸವಣ್ಣನ ಹೆಸರಿನದೇ ಗುಡಿ! ಕಟ್ಟುವುದಕ್ಕೆ ಕೈ ಬೇಕು, ಒಳಗೆ ಬರುವುದಕ್ಕೆ ಕಾಲು ಬೇಡ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, ಹಾಗಾದರೆ ನೀವು ಯಾಕೆ ಉಳಿ ಹಿಡಿದಿರಿ, ಅಂಗಡಿಯಲ್ಲಿ ಒಂದು ಮೇಜು ತಂದರೆ ಆಗುತ್ತಿರಲಿಲ್ಲವೇ ಎಂದು. ಆಗುತ್ತಿತ್ತು. ಯಂತ್ರದಲ್ಲಿ ಮಾಡಿದ್ದರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ದುಡಿಯುವವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಬಿಡುವು ಸಿಕ್ಕರೇ ಮನುಷ್ಯ ಮನುಷ್ಯನ ಹಾಗೆ ಬದುಕಬಲ್ಲ ಎಂದು ಅಂಬೇಡ್ಕರ್ ವಾದ ಮಾಡಿದ್ದಾರೆ. ಕೇರಿಗೆ ಪ್ಲಾಸ್ಟಿಕ್ ಕುರ್ಚಿ ಬಂದದ್ದನ್ನು ಕಂಡು ಹಳೆಯ ಚಂದ ಹೋಯಿತು ಎಂದು ಅಳುವವರ ಜೊತೆ ನಾವಿಲ್ಲ. ಯಾವ ಆಯಗಾರನ ಮುಲಾಜೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ದುಡ್ಡು ಕೊಟ್ಟು ತಂದು ಅಂಗಳದಲ್ಲಿ ಹಾಕಿ ಬಂದವರಿಗೆ ‘ಕೂತ್ಕಳಿ’ ಅನ್ನುವ ಹಾಗೆ ಮಾಡಿದ್ದು ಆ ಕುರ್ಚಿ. ಎಷ್ಟೋ ಭಾಷಣ ಮಾಡದ ಕೆಲಸವನ್ನು ಅದು ಮಾಡಿದೆ.

ಆದರೂ ನಾವು ಕೈಯಾರೆ ಮಾಡಿದ್ದಕ್ಕೆ ಒಂದು ಕಾರಣ ಇತ್ತು. ಉಳಿ ಹಿಡಿಯುವುದು ರಕ್ತದಲ್ಲಿ ಬರಬೇಕು ಎಂದು ನಮಗೆ ಹೇಳುತ್ತಾ ಬಂದಿದ್ದರು. ರಕ್ತದಲ್ಲಿ ಏನು ಬರುತ್ತದೆ, ಕಲಿತರೆ ಏನು ಬರುತ್ತದೆ ಎಂದು ಕೈಯಿಂದಲೇ ನೋಡಬೇಕಿತ್ತು.

ಸಕಲೇಶಪುರದ ಕಡೆಯ ಕಾಫಿ ತೋಟಗಳಿಂದ ಬರುವ ಸಿಲ್ವರ್ ಮರದ ಹಲಗೆಗಳನ್ನು ಸಾಮಿಲ್ಲಿನಲ್ಲಿ ಕುಯ್ಯಿಸಿ ತಂದೆವು. ಕಲಿಸುವುದಕ್ಕೆ ಒಪ್ಪಿದವರು ಪೇಟೆಯ ಒಬ್ಬ ಹಿರಿಯ ಆಚಾರಿಗಳು. ನಾವು ಯಾವ ಕೇರಿಯವರು ಎಂದು ಅವರಿಗೆ ಗೊತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಉಳಿ ತೆಗೆದು ಕೊಟ್ಟರು. ನೆಲದ ಮೇಲೆ ಇಟ್ಟು ತಗೋ ಅನ್ನಲಿಲ್ಲ, ಕೈಗೇ ಕೊಟ್ಟರು. “ನನ್ ಮಕ್ಕಳಿಬ್ರೂ ಬೆಂಗ್ಳೂರ್ ಸೇರ್ಕಂಡ್ರು ಕಣಪ್ಪ, ಉಳಿ ಮುಟ್ಟಲ್ಲ. ನೀವ್ ನೋಡುದ್ರೆ ಕಲ್ಸಿ ಅಂತ ಬತ್ತೀರಿ. ಎಂಥಾ ಕಾಲ ಬಂತು” ಅಂದರು. ಆ ಮಾತಿನಲ್ಲಿ ಬೇಜಾರು ಇತ್ತು, ಖುಷಿಯೂ ಇತ್ತು.

ಹಸಿ ಹಲಗೆಯಲ್ಲಿ ಮೇಜು ಮಾಡಬೇಡಿ, ಒಣಗುತ್ತಾ ಮರ ಅಗಲದಲ್ಲಿ ಕುಗ್ಗುತ್ತೆ, ಸಂದು ಬಿಡುತ್ತೆ ಎಂದು ಮೊದಲ ದಿನವೇ ಹೇಳಿದರು. ಆರು ತಿಂಗಳು ಅಟ್ಟದ ಮೇಲೆ ಗಾಳಿಯಾಡುವ ಹಾಗೆ ಹಲಗೆ ಒಟ್ಟಿ ಕಾದೆವು. ಆಮೇಲೆ ಗರಗಸ, ಬಾಚಿ, ಉಜ್ಜುಗೊರಡು. ಅಡ್ಡಪಟ್ಟಿಯ ತುದಿಯನ್ನು ನಾಲಗೆಯ ಹಾಗೆ ಕುಯ್ದು, ಕಾಲಿನಲ್ಲಿ ಅದೇ ಅಳತೆಗೆ ತೂತು ಕೊರೆದು, ಕೊಡತಿಯಲ್ಲಿ ಬಡಿದು ಕೂರಿಸುವುದು. ಮೂಲೆಮಟ್ಟ ಹಿಡಿದು ಕೋನ ನೋಡುವುದು. ಮೇಲಿನ ಹಲಗೆಯನ್ನು ಬಿಗಿಯಾಗಿ ಮೊಳೆ ಹೊಡೆದು ಕಟ್ಟಿಹಾಕಬಾರದು, ಮಳೆಗಾಲಕ್ಕೆ ಅದು ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಜಾಗ ಬಿಡದಿದ್ದರೆ ಸೀಳುತ್ತದೆ. ಸತ್ತ ಮರಕ್ಕೂ ಅಲುಗಾಡುವುದಕ್ಕೆ ಜಾಗ ಬಿಡಬೇಕು ಅನ್ನುವುದು ಬಡಗಿಗೆ ಗೊತ್ತು. ಬದುಕಿದ ಮನುಷ್ಯನಿಗೆ ಬಿಡಬೇಕು ಅನ್ನುವುದು ಈ ಸಮಾಜಕ್ಕೆ ಗೊತ್ತಾಗಲಿಲ್ಲ.

ಎತ್ತರದ ವಿಷಯಕ್ಕೆ ಮನೆಯಲ್ಲಿ ವಾದ ಆಯಿತು. “ನಿಮ್ ತಾತ ನೆಲದ್ ಮ್ಯಾಲೇ ಕುಂತಿದ್ದು ಅಲ್ವಾ ಮಗ, ಅಷ್ಟೆತ್ರದ್ದು ಯಾಕೆ? ತಗ್ಗಾಗಿ ಮಾಡು” ಅಂದರು ಅಜ್ಜಿ. ನೆಲದ ಮೇಲೆ ಕೂರುವುದು ನಮ್ಮ ಸಂಸ್ಕೃತಿ ಎಂದು ಹೇಳುವ ದೊಡ್ಡವರೂ ಇದ್ದಾರೆ. ನೆಲದ ಮೇಲೆ ನಮಗೇನೂ ಹಗೆತನ ಇಲ್ಲ. ಆದರೆ ತನ್ನ ಮನೆಯೊಳಗೆ ಮಣೆ ಹಾಕಿಕೊಂಡು ಕೂತವನ ನೆಲ ಬೇರೆ, ಗೌಡರ ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ‘ಬುದ್ಧೀ’ ಅಂತ ಕೂತವನ ನೆಲ ಬೇರೆ. ಒಂದು ಅಭ್ಯಾಸ, ಇನ್ನೊಂದು ಆಜ್ಞೆ. ಅಜ್ಜಿಗೆ ಆ ಎರಡನ್ನೂ ಬಿಡಿಸಿ ನೋಡುವುದಕ್ಕೆ ಯಾರೂ ಬಿಟ್ಟಿರಲಿಲ್ಲ. ಕಡೆಗೆ ಎರಡೂವರೆ ಅಡಿ ಎತ್ತರವೇ ಆಯಿತು. ಅಜ್ಜಿ ನೆಲದ ಮೇಲೆ ಕೂರುತ್ತಾರೆ, ಅದು ಅವರ ಇಷ್ಟ. ಮಗು ಕುರ್ಚಿ ಎಳೆದುಕೊಂಡು ಬರೆಯುತ್ತದೆ, ಅದು ಮಗುವಿನ ಇಷ್ಟ.

ಕಾಲುಗಳನ್ನು ಜೋಡಿಸಿ ನಿಲ್ಲಿಸಿದ ಮೇಲೆ ಮೇಜು ಅಲ್ಲಾಡಿತು. ಒಂದು ಕಾಲು ಉದ್ದ ಇರಬೇಕು, ಕುಯ್ದುಬಿಡೋಣ ಅಂದರು ಯಾರೋ. ಆಚಾರಿಗಳು ತಡೆದರು. “ಕಾಲ್ ಕುಯ್ಯಬ್ಯಾಡಿ. ಮೊದ್ಲು ನೆಲ ನೋಡಿ.” ಹೊರಗೆ ಚಪ್ಪಡಿ ಕಲ್ಲಿನ ಮೇಲೆ ಇಟ್ಟಾಗ ನಾಲ್ಕು ಕಾಲೂ ನೆಟ್ಟಗೆ ನಿಂತವು. ಓರೆ ಇದ್ದದ್ದು ನಮ್ಮ ಮನೆಯ ನೆಲ. ಈ ದೇಶದಲ್ಲಿ ಸಾವಿರ ವರ್ಷದಿಂದ ನಡೆದಿರುವುದು ಇದೇ ಅಲ್ಲವೇ? ನೆಲ ಓರೆ, ಕುಯ್ಯುವುದು ಮಾತ್ರ ನಮ್ಮ ಕಾಲು. ನಮಗೆ ಓದು ಹತ್ತುವುದಿಲ್ಲ, ನಮಗೆ ಚೊಕ್ಕಟ ಗೊತ್ತಿಲ್ಲ, ನಮ್ಮ ಕೈ ಒರಟು ಎಂದು ಪ್ರತಿ ಸಲವೂ ನಮ್ಮನ್ನೇ ಒಂದಿಷ್ಟು ಕುಯ್ದು ಗಿಡ್ಡ ಮಾಡುತ್ತಾ ಬಂದರು. ನೆಲವನ್ನು ಮಟ್ಟ ಮಾಡುವ ಮಾತು ಎತ್ತಿದವರಿಗೆ ಜಾತಿವಾದಿ ಎಂದು ಹೆಸರಿಟ್ಟರು.

ಮತ್ತೆ ಆಚಾರಿಗಳ ಮಾತಿಗೆ ಬರುತ್ತೇವೆ, ಯಾಕೆಂದರೆ ನಮ್ಮ ಪ್ರಶ್ನೆಯ ಗಂಟು ಅಲ್ಲಿದೆ. ಅವರ ಮಕ್ಕಳು ಉಳಿ ಬಿಟ್ಟರು. ನಾವು ಉಳಿ ಹಿಡಿದೆವು. ಮೇಲುನೋಟಕ್ಕೆ ಇವು ಎದುರುಬದುರು. ಯೋಚನೆ ಮಾಡಿದರೆ ಎರಡೂ ಒಂದೇ ಕೆಲಸ. ಹುಟ್ಟು ಕೈಗೆ ಕೊಟ್ಟದ್ದನ್ನು ಅವರು ಕೆಳಗಿಟ್ಟರು, ಹುಟ್ಟು ಕೈಗೆ ಕೊಡದಿದ್ದದ್ದನ್ನು ನಾವು ಎತ್ತಿಕೊಂಡೆವು. ಯಾವ ಕೆಲಸವನ್ನು ಯಾರು ಬೇಕಾದರೂ ಹಿಡಿಯಬಹುದೋ, ಯಾರು ಬೇಕಾದರೂ ಬಿಡಬಹುದೋ, ಆ ಕೆಲಸಕ್ಕೆ ಮರ್ಯಾದೆ ಇದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಕೆಲಸದ ಹೊಗಳಿಕೆ ಬರೀ ಬೂಟಾಟಿಕೆ.

ಇದನ್ನು ಅರಿಯದ ಸರ್ಕಾರಗಳು ಮತ್ತೆ ಮತ್ತೆ ಅದೇ ಹಳೆಯ ಗೋಡೆಗೆ ಸುಣ್ಣ ಹೊಡೆಯುತ್ತವೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಲಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಇದು ಕುಲಕಸುಬಿನ ಶಿಕ್ಷಣ ಎಂದು ದ್ರಾವಿಡ ಚಳವಳಿ ಎದ್ದು ನಿಂತಿತು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದು ರದ್ದಾಯಿತು. 2023ರಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮರ ಹೆಸರಿನಲ್ಲಿ ಬಡಗಿ, ಚಮ್ಮಾರ, ಕ್ಷೌರಿಕ, ಅಗಸ ಮೊದಲಾದ 18 ಕಸುಬುಗಳಿಗೆ ನೆರವು ಕೊಡುವ ಯೋಜನೆ ತಂದಿತು. ಕಸುಬುದಾರನಿಗೆ ಸಾಲ, ಹತಾರ, ತರಬೇತಿ ಕೊಡುವುದು ತಪ್ಪಲ್ಲ, ಕೊಡಲೇಬೇಕು. ಆದರೆ ಮನೆತನದ ಕಸುಬು ಎಂಬ ಷರತ್ತು ಯಾಕೆ, ಅದನ್ನು ತೆಗೆಯಿರಿ ಎಂದು ತಮಿಳುನಾಡು ಸರ್ಕಾರ 2024ರಲ್ಲಿ ಕೇಳಿತು. ಎಪ್ಪತ್ತು ವರ್ಷ ಕಳೆದರೂ ಪ್ರಶ್ನೆ ಅದೇ. ನಮ್ಮ ಹುಡುಗಿಯೊಬ್ಬಳು ಬಡಗಿ ಆಗುತ್ತೇನೆ ಅಂದರೆ ಅವಳಪ್ಪ ಏನು ಮಾಡುತ್ತಿದ್ದ ಎಂದು ಯಾರೂ ಕೇಳಬಾರದು. ಐಟಿಐನ ಬಾಗಿಲು ಹಾಗೆ ಕೇಳುವುದಿಲ್ಲ, ಅಷ್ಟರ ಮಟ್ಟಿಗೆ ಅದು ನಮ್ಮ ಎಷ್ಟೋ ಮಠಗಳಿಗಿಂತ ದೊಡ್ಡದು.

ಇನ್ನೊಂದು ಕಡೆ ನೋಡಿ. ಉಳಿಯನ್ನು ಹಿಡಿಯುವುದಕ್ಕೆ ಈಗ ಎಲ್ಲರೂ ಬರುತ್ತಾರೆ. ಇಂಜಿನಿಯರು ಬರುತ್ತಾನೆ, ಪ್ರೊಫೆಸರು ಬರುತ್ತಾನೆ. ಮಣ್ಣಿನ ಮಡಕೆ ಮಾಡುವುದಕ್ಕೆ, ನೂಲುವುದಕ್ಕೆ, ಬುಟ್ಟಿ ಹೆಣೆಯುವುದಕ್ಕೆ ಹವ್ಯಾಸ ಎಂದು ದುಡ್ಡು ಕೊಟ್ಟು ಕಲಿಯುವವರಿದ್ದಾರೆ. ಸಂತೋಷ. ಆದರೆ ಪೊರಕೆ ಹಿಡಿಯುವುದಕ್ಕೆ ಹವ್ಯಾಸ ಎಂದು ಯಾರು ಬಂದರು? ಒಂದು ದಿನ ಫೋಟೋ ತೆಗೆಸಿಕೊಳ್ಳುವುದಕ್ಕೆ ಬಂದವರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮ್ಯಾನ್‌ಹೋಲಿಗೆ ಇಳಿಯುವ ಕಾಯಕದಲ್ಲಿ ಕೈಲಾಸ ಇದ್ದರೆ ಆ ಕೈಲಾಸಕ್ಕೆ ಮೇಲುಜಾತಿಯವರ ನೂಕುನುಗ್ಗಲು ಯಾಕಿಲ್ಲ? ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅವರು ಅದನ್ನು ಪವಿತ್ರ ಸೇವೆ ಎಂದು ಹೊಗಳಲಿಲ್ಲ, ನಿಲ್ಲಿಸಿ ಅಂದರು. ಹೊಗಳುವವನಿಗೂ ಬಿಡಿಸುವವನಿಗೂ ಇರುವ ಅಂತರ ಅದು. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತಾಗ ಮಾತ್ರ ಈ ನಾಡಿಗೆ ಅವರು ಕಣ್ಣಿಗೆ ಬಿದ್ದರು.

ಆದ್ದರಿಂದ ಗೆಳೆಯರೇ, ಮರಗೆಲಸ ಮಾಡಿ. ಮನೆಗೊಂದು ಮೇಜು ಮಾಡಿಕೊಳ್ಳಿ. ಎಷ್ಟು ಎತ್ತರ ಬೇಕೋ ಅಷ್ಟು ಎತ್ತರ ಮಾಡಿಕೊಳ್ಳಿ. ಕೈ ಕಲಿಯುತ್ತದೆ, ಅದಕ್ಕೆ ಯಾವ ಗೋತ್ರವೂ ಬೇಡ, ಒಣಗಿದ ಹಲಗೆ ಮತ್ತು ಹೇಳಿಕೊಡುವ ಮನುಷ್ಯ ಇದ್ದರೆ ಸಾಕು. ಆದರೆ ಮೇಜು ಮಾಡಿದ ಸುಖದಲ್ಲಿ ಕೈಕೆಲಸವೆಲ್ಲ ಒಂದೇ ಎಂದು ಹಾಡಬೇಡಿ. ನಮ್ಮ ಕೈಗೆ ಉಳಿ ಬಂದದ್ದು ಅರ್ಧ ಗೆಲುವು. ನಮ್ಮವರ ಕೈಯಿಂದ ಪೊರಕೆ ಇಳಿಯಬೇಕು. ಅದನ್ನು ಯಂತ್ರ ಎತ್ತಿಕೊಳ್ಳಲಿ, ಇಲ್ಲವೇ ಎಲ್ಲ ಜಾತಿಯ ಕೈಗಳೂ ಒಳ್ಳೆಯ ಸಂಬಳಕ್ಕೆ, ಸರದಿಯ ಮೇಲೆ ಎತ್ತಿಕೊಳ್ಳಲಿ. ಆ ದಿನ ಬಂದಾಗ ದುಡಿಮೆ ದೊಡ್ಡದು ಎಂಬ ಮಾತನ್ನು ನಾವೂ ಬಾಯಿ ತುಂಬ ಹೇಳುತ್ತೇವೆ. ಅಲ್ಲಿಯವರೆಗೆ ಆ ಮಾತು ಹೇಳುವವರನ್ನು ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ನೀವು ಹೊಗಳುವ ಕೆಲಸವನ್ನು ನಿಮ್ಮ ಮಗುವಿಗೆ ಕೊಡುತ್ತೀರಾ?